ಜೇಡ ಒಳ್ಳೆಯದೋ ಕೆಟ್ಟದ್ದೋ? ದೀಪ ಹಚ್ಚಿ ನೋಡಿ

ತಂಗಿಯ ಮಗ ಮೈನ್‌ಕ್ರಾಫ್ಟ್ ಆಡುವಾಗ ಪಕ್ಕದಲ್ಲಿ ಕೂತು ತಪ್ಪು ಸಲಹೆ ಕೊಡುವುದು ನನ್ನ ಭಾನುವಾರದ ಕೆಲಸ. ಮೊನ್ನೆ ಹುಲ್ಲುಗಾವಲಿನಲ್ಲಿ ಕರುವಿನಷ್ಟು ದೊಡ್ಡ ಜೇಡ ಎದುರಿಗೆ ಬಂತು. ಕೆಂಪು ಕಣ್ಣು, ಕಪ್ಪು ಮೈ. "ಹೊಡಿ, ಹೊಡಿ" ಅಂದೆ. ಅವನು ಕತ್ತೂ ತಿರುಗಿಸಲಿಲ್ಲ. "ಮಾಮ, ಈಗ ಹಗಲು. ಅದು ನ್ಯೂಟ್ರಲ್. ನಾವಾಗಿ ಕೆಣಕಿದ್ರೆ ಮಾತ್ರ ಬರುತ್ತೆ" ಅಂದ. ಜೇಡ ತನ್ನ ಪಾಡಿಗೆ ತಾನು ಹೋಯಿತು. ಅದೇ ಜೇಡ ರಾತ್ರಿ ಸಿಕ್ಕಿದ್ದರೆ ಕಂಡ ಕೂಡಲೇ ಮೇಲೆ ಎಗರುತ್ತಿತ್ತಂತೆ.

ನನಗೆ ಖುಷಿ ಕೊಟ್ಟಿದ್ದು ಇದೇ. ಈ ಆಟದ ಪ್ರಾಣಿಗಳನ್ನು, ಅಂದರೆ ಮಾಬ್‌ಗಳನ್ನು, ಮಕ್ಕಳು ಮೂರು ಗುಂಪು ಮಾಡುತ್ತಾರೆ. ಹೊಡೆದರೂ ತಿರುಗಿ ಹೊಡೆಯದ ಹಸು, ಹಂದಿ, ಕೋಳಿ ಪ್ಯಾಸಿವ್. ಕಂಡಲ್ಲಿ ಮೇಲೆ ಬೀಳುವ ಝಾಂಬಿ, ಕ್ರೀಪರ್ ಹಾಸ್ಟೈಲ್. ನಡುವಿನದ್ದು ನ್ಯೂಟ್ರಲ್. ದೊಡ್ಡವರು ಇದನ್ನು ಕೇಳಿ ಸಾಧು, ದುಷ್ಟ, ಎರಡೂ ಅಲ್ಲದ್ದು ಅಂತ ತಿಳಿದುಕೊಳ್ಳುತ್ತಾರೆ. ಅದು ತಪ್ಪು. ನ್ಯೂಟ್ರಲ್ ಅನ್ನುವುದು ಪ್ರಾಣಿಯ ಗುಣದ ಹೆಸರಲ್ಲ, ಒಂದು ಷರತ್ತಿನ ಹೆಸರು. ಎಂಡರ್‌ಮ್ಯಾನ್ ಅನ್ನುವ ಉದ್ದನೆಯ ಕಪ್ಪು ಜೀವಿಯ ಮುಖ ನೆಟ್ಟು ನೋಡಿದರೆ ಸಿಟ್ಟಾಗುತ್ತಾನೆ. ಕೊರೆದ ಕುಂಬಳಕಾಯಿ ತಲೆಗೆ ಹಾಕಿಕೊಂಡು ನೋಡಿದರೆ ಏನೂ ಮಾಡುವುದಿಲ್ಲ. ಹಂದಿಮುಖದ ಪಿಗ್ಲಿನ್‌ಗಳ ಎದುರು ಮೈಮೇಲೆ ಚಿನ್ನದ ಕವಚ ಒಂದಾದರೂ ಇದ್ದರೆ ಸಾಕು, ಸುಮ್ಮನಿರುತ್ತವೆ. ಜೇಡಕ್ಕೆ ಬೆಳಕೇ ಷರತ್ತು.

ನಿಜವಾದ ಕಾಡಿನಲ್ಲೂ ಹೆಚ್ಚೂಕಡಿಮೆ ಹೀಗೇ ಅಲ್ವಾ? ಮೈನ್‌ಕ್ರಾಫ್ಟ್‌ನಲ್ಲಿ ಹಾವಿಲ್ಲ. ಇದ್ದಿದ್ದರೆ ನಾಗರಹಾವನ್ನು ನಮ್ಮವರು ಕಣ್ಣುಮುಚ್ಚಿ ಹಾಸ್ಟೈಲ್ ಪಟ್ಟಿಗೆ ಸೇರಿಸುತ್ತಿದ್ದರು. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುವ ಜನ ನಾವು. ಹೆಡೆ ಬಿಚ್ಚುವುದು ದ್ವೇಷವಲ್ಲ, ದೂರ ಹೋಗು ಅನ್ನುವ ಎಚ್ಚರಿಕೆ. ಹೆಸರು, ಮುಖ ನೆನಪಿಟ್ಟುಕೊಂಡು ಮನೆ ಹುಡುಕಿ ಬರುವ ಮಿದುಳು ಅದಕ್ಕಿಲ್ಲ. ಕತ್ತಲಲ್ಲಿ ತುಳಿದರೆ ಕಚ್ಚುತ್ತದೆ, ಅದಕ್ಕೇ ರಾತ್ರಿ ಗದ್ದೆಗೆ ಹೋಗುವವರು ಟಾರ್ಚ್ ಹಿಡಿದು ಹೋಗಬೇಕು. ಆಟದ ಜೇನುನೊಣದ ಸಿಟ್ಟಿಗಂತೂ ಗಡಿಯಾರವೇ ಇದೆ. ಅರ್ಧ ನಿಮಿಷದ ಆಸುಪಾಸು, ಆಮೇಲೆ ಮುಗಿಯಿತು.

ಜೇನಿನ ವಿಷಯ ಬಂತಲ್ಲ, ಇನ್ನೊಂದು ಮಾತು. ಆಟದಲ್ಲಿ ಗೂಡಿನ ಕೆಳಗೆ ಕ್ಯಾಂಪ್‌ಫೈರ್ ಹಚ್ಚಿದರೆ ನೊಣಗಳು ರೇಗುವುದಿಲ್ಲ, ಜೇನು ತೆಗೆಯಬಹುದು. ಹೆಜ್ಜೇನು ಕೀಳುವವರೂ ಹೊಗೆ ಹಾಕುವುದು ಇದಕ್ಕೇ. ಕುಟುಕಿದ ನೊಣ ಒಂದು ವಾಸನೆ ಬಿಡುತ್ತದೆ, ಹೆಚ್ಚುಕಮ್ಮಿ ಬಾಳೆಹಣ್ಣಿನಂಥದ್ದು. ಉಳಿದ ನೊಣಗಳಿಗೆ ಅದು "ಬನ್ರೋ" ಅನ್ನುವ ಕೂಗು. ಹೊಗೆ ಆ ಕೂಗನ್ನು ಮುಚ್ಚುತ್ತದೆ. ನೊಣದ ಸ್ವಭಾವ ಬದಲಾಗಿಲ್ಲ, ಷರತ್ತು ಕಡಿದುಹೋಗಿದೆ ಅಷ್ಟೇ.

ಈಗ ನನ್ನ ಮುಖ್ಯ ಮೋಹಕ್ಕೆ ಬರುತ್ತೇನೆ. ಈ ಮೂರು ಗುಂಪು ಆಡುವವರ ಲೆಕ್ಕ. ಆಟದ ಒಳಗಿನ ಪ್ರೋಗ್ರಾಂ ಬೇರೆಯೇ ಖಾತೆ ಪುಸ್ತಕಗಳನ್ನು ಇಟ್ಟಿದೆ. ಒಬ್ಬನೇ ಮನುಷ್ಯ ರೇಷನ್ ಕಾರ್ಡಿನಲ್ಲಿ ಒಂದು ಕಡೆ, ಮತದಾರರ ಪಟ್ಟಿಯಲ್ಲಿ ಇನ್ನೊಂದು ಕಡೆ, ಆಸ್ಪತ್ರೆ ಚೀಟಿಯಲ್ಲಿ ಮತ್ತೊಂದು ಕಡೆ ಇರುವುದಿಲ್ಲವೇ, ಹಾಗೆ.

ಒಂದು ಪುಸ್ತಕ ತಲೆ ಎಣಿಸುವುದಕ್ಕೆ. ಕಂಪ್ಯೂಟರಿನ ಜಾವಾ ಆವೃತ್ತಿಯ ಲೆಕ್ಕ ಹೇಳುತ್ತೇನೆ, ಮೊಬೈಲಿನದ್ದು ಬೇರೆ. ಒಬ್ಬರೇ ಆಡುತ್ತಿದ್ದರೆ ಸುತ್ತಮುತ್ತ ಮಾನ್‌ಸ್ಟರ್‌ಗಳಿಗೆ 70 ಜಾಗ, ನೆಲದ ಪ್ರಾಣಿಗಳಿಗೆ 10, ಬಾವಲಿಗೆ 15. ಇದನ್ನು ಬಸ್ಸು ಅಂದುಕೊಳ್ಳಿ. 70 ಸೀಟು ತುಂಬಿದ ಮೇಲೆ ಕಂಡಕ್ಟರ್ ಹೊಸ ಝಾಂಬಿಯನ್ನು ಹತ್ತಿಸುವುದಿಲ್ಲ. ಯಾರಾದರೂ ಇಳಿಯಬೇಕು, ಅಂದರೆ ಸಾಯಬೇಕು, ಇಲ್ಲವೇ ನಿಮ್ಮಿಂದ ದೂರ ಹೋಗಿ ಮಾಯವಾಗಬೇಕು. ಬಸ್ಸು ಬೇಡ ಅಂದರೆ ಮದುವೆ ಊಟದ ಪಂಕ್ತಿ ನೆನೆಸಿಕೊಳ್ಳಿ: ಎಲೆ ಖಾಲಿಯಾಗದೆ ಮುಂದಿನವರು ಕೂರುವಂತಿಲ್ಲ. ಹಸು, ಕುರಿಗಳದ್ದು ಇನ್ನೂ ವಿಚಿತ್ರ. ಅವು ಸಾಮಾನ್ಯವಾಗಿ ತಾವಾಗಿ ಮಾಯವಾಗುವುದೇ ಇಲ್ಲ, ಊಟ ಮುಗಿಸಿಯೂ ಎಲೆ ಮುಂದೆ ಕೂತೇ ಇರುವ ಮಾವನ ಕಡೆಯವರ ಹಾಗೆ. ಅದಕ್ಕೇ ಹುಲ್ಲುಗಾವಲಿನಲ್ಲಿ ಹೊಸ ಹಸು ಹುಟ್ಟುವುದು ಅಪರೂಪ.

ಹುಡುಗರು ಈ ಲೆಕ್ಕವನ್ನು ಎಷ್ಟು ಚೆನ್ನಾಗಿ ಅರಿತಿದ್ದಾರೆ ಅಂದರೆ, ಝಾಂಬಿ ಬೆಳೆಯಲು ಕತ್ತಲೆ ಕೋಣೆ ಕಟ್ಟುತ್ತಾರೆ, ಆಮೇಲೆ ಸುತ್ತಲಿನ ಗುಹೆಗಳಿಗೆಲ್ಲ ಟಾರ್ಚ್, ಅಂದರೆ ಆಟದ ಪಂಜು, ಇಡುತ್ತಾರೆ. ಗುಹೆಯಲ್ಲಿ ಬೆಳಕಿದ್ದರೆ ಅಲ್ಲಿ ಝಾಂಬಿ ಹುಟ್ಟುವುದಿಲ್ಲ, 70 ಸೀಟೂ ತಮ್ಮ ಕೋಣೆಗೇ ಸಿಗುತ್ತದೆ. ನನ್ನ ಅಳಿಯ ಇದಕ್ಕಾಗಿ ಎರಡು ಶನಿವಾರ ಟಾರ್ಚ್ ನೆಟ್ಟಿದ್ದಾನೆ. ಹೋಮ್‌ವರ್ಕಿಗೆ ಇಷ್ಟು ತಾಳ್ಮೆ ಇಲ್ಲ.

ಇನ್ನೊಂದು ಪುಸ್ತಕ ಕತ್ತಿಗೆ. ಸ್ಮೈಟ್ ಮಂತ್ರವಿರುವ ಕತ್ತಿ ಸತ್ತು ಎದ್ದವಕ್ಕೆ ಜಾಸ್ತಿ ಪೆಟ್ಟು ಕೊಡುತ್ತದೆ. ಅವುಗಳಿಗೆ ಗಾಯ ವಾಸಿ ಮಾಡುವ ಔಷಧಿ ಎರಚಿದರೆ ವಿಷದಂತೆ ಸುಡುತ್ತದೆ. ಇನ್ನೊಂದು ಮಂತ್ರದ ಕತ್ತಿ ಜೇಡ, ಜೇನುನೊಣ, ಸಿಲ್ವರ್‌ಫಿಶ್‌ಗಳಿಗೆ. ಸಿಲ್ವರ್‌ಫಿಶ್ ಅಂದರೆ ನಮ್ಮ ಹಳೇ ಪುಸ್ತಕ ತಿನ್ನುವ ಆ ಬೆಳ್ಳಿ ಹುಳವೇ, ಆಟದಲ್ಲಿ ಬೆಳೆದು ಬೆಕ್ಕಿನಷ್ಟಾಗಿದೆ. ಕೀಲುಕಾಲಿನ ಜೀವಿಗಳ ಗುಂಪು ಇದು. ಜೀವಶಾಸ್ತ್ರ ಓದಿದವರು ಒಪ್ಪುವ ವರ್ಗೀಕರಣ ಆಟದಲ್ಲಿ ಸಿಗುವುದು ಪಾಪ ಕತ್ತಿಯ ಕೈಯಲ್ಲಿ.

ಈಗ ಅಸ್ಥಿಪಂಜರದ ಕುದುರೆಯನ್ನು ತಗೊಳ್ಳಿ. ನಡತೆಯಲ್ಲಿ ಪ್ಯಾಸಿವ್. ಎಣಿಕೆಯಲ್ಲಿ ಹಸು, ಕುರಿ ಜೊತೆ. ಕತ್ತಿಯ ಮುಂದೆ ಝಾಂಬಿ ಜೊತೆ. ನಿಜವಾಗಿ ಇದು ಯಾವ ಜಾತಿ ಅಂತ ಕೇಳಿದರೆ ಆ ಪ್ರಶ್ನೆಗೇ ಅರ್ಥವಿಲ್ಲ. ಯಾವ ಕೆಲಸಕ್ಕೆ ಕೇಳುತ್ತಿದ್ದೀರಿ ಅನ್ನುವುದು ಮೊದಲು ಹೇಳಬೇಕು.

ಮೈನ್‌ಕ್ರಾಫ್ಟ್ ಹುಟ್ಟಿದ್ದು 2009ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಉಪ್ಸಾಲಾ ಸಿಗುತ್ತದೆ. ಭೂಮಿಯ ಮೇಲಿನ ಜೀವಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಲು ಹೊರಟ ಕಾರ್ಲ್ ಲಿನೆಯಸ್ ಪ್ರೊಫೆಸರಾಗಿದ್ದ ಊರು ಅದು. 1735ರಲ್ಲಿ ಅವನು ಹ್ಯಾಂಬರ್ಗ್‌ಗೆ ಹೋದಾಗ ಅಲ್ಲಿನ ಮೇಯರ್ ಬಳಿ ಏಳು ತಲೆಯ ಹೈಡ್ರಾ ಇತ್ತು, ಒಳ್ಳೇ ಬೆಲೆಗೆ ಮಾರಾಟಕ್ಕೆ. ಲಿನೆಯಸ್ ಹತ್ತಿರದಿಂದ ನೋಡಿದ. ತಲೆ, ಪಾದ ವೀಸೆಲ್ ಎಂಬ ಮುಂಗುಸಿಯಂಥ ಪ್ರಾಣಿಯದ್ದು, ಮೈಗೆ ಅಂಟಿಸಿದ್ದು ಹಾವಿನ ಚರ್ಮ. ಅದನ್ನು ಊರಿಗೆಲ್ಲ ಹೇಳಿ, ಮೇಯರ್ ಸಿಟ್ಟಾಗುವ ಮೊದಲೇ ಊರು ಬಿಟ್ಟ. ಅದೇ ವರ್ಷ ಬಂದ ಅವನ ವರ್ಗೀಕರಣದ ಪುಸ್ತಕದಲ್ಲಿ ಹೈಡ್ರಾ, ಫೀನಿಕ್ಸ್, ಡ್ರ್ಯಾಗನ್‌ಗಳಿಗೆ "ಪ್ಯಾರಡಾಕ್ಸಾ" ಎಂಬ ಪ್ರತ್ಯೇಕ ಮೂಲೆ ಕೊಟ್ಟಿದ್ದ. ಮುಂದಿನ ಆವೃತ್ತಿಗಳಲ್ಲಿ ಆ ಮೂಲೆಯೇ ಹೋಯಿತು. ಅವನು ಓಡಿಸಿದ ಡ್ರ್ಯಾಗನ್ನನ್ನು ಅವನದೇ ದೇಶದವರು ವಾಪಸ್ ಕರೆದು ಆಟದ ಕೊನೆಯಲ್ಲಿ ಕೂರಿಸಿದ್ದಾರೆ.

ಲಿನೆಯಸ್‌ನೂ ಎಡವಿದ್ದಾನೆ. ಮೊದಲು ತಿಮಿಂಗಿಲವನ್ನು ಮೀನುಗಳ ಜೊತೆ ಹಾಕಿ, 1758ರಲ್ಲಿ ಸಸ್ತನಿಗಳ ಕಡೆಗೆ ತಂದ. ಆಟದ ಎಣಿಕೆ ಪುಸ್ತಕದಲ್ಲಿ ಡಾಲ್ಫಿನ್ ಈಗಲೂ ಸ್ಕ್ವಿಡ್ ಎಂಬ ಹಲವು ತೋಳಿನ ಕಡಲಜೀವಿಯ ಜೊತೆ ನೀರಿನ ಪ್ರಾಣಿ. ಎಲ್ಲೂ ಹೊಂದದ ಬಸವನಹುಳ, ಎರೆಹುಳ, ಸ್ಕ್ವಿಡ್ಡಿನ ಸಂಬಂಧಿಗಳನ್ನೆಲ್ಲ ಅವನು "ವರ್ಮೀಸ್" ಅನ್ನುವ ಚೀಲಕ್ಕೆ ತುರುಕಿದ. ಆಟದಲ್ಲೂ "ಇತರೆ" ಅನ್ನುವ ಚೀಲವಿದೆ. ಹೊಲ ಉಳುವ, ವ್ಯಾಪಾರ ಮಾಡುವ, ಮಕ್ಕಳು ಮರಿ ಇರುವ ಹಳ್ಳಿಗರು ಇರುವುದು ಅದರಲ್ಲೇ, ಬಾಣ ಮತ್ತು ದೋಣಿಗಳ ಜೊತೆ.

ಬಾವಲಿಯ ವಿಷಯದಲ್ಲಿ ಇಬ್ಬರಿಗೂ ಪೇಚಾಟವೇ. 1758ರಲ್ಲಿ ಲಿನೆಯಸ್ ಅದನ್ನು ಮನುಷ್ಯ, ಕೋತಿಗಳ ಸಾಲಿನಲ್ಲಿ ಕೂರಿಸಿದ. ಆಟದವರು ಅದಕ್ಕೊಂದೇ ಬೇರೆ ಖಾತೆ ತೆರೆದು 15 ಸೀಟು ಕೊಟ್ಟರು. ಮೊನ್ನೆ ನಮ್ಮ ಹುಡುಗನ ಗುಹೆಯಲ್ಲಿ ಮೂರು ಇದ್ದವು. ಹಾಲಿಲ್ಲ, ಮಾಂಸವಿಲ್ಲ, ಕಚ್ಚುವುದೂ ಇಲ್ಲ. "ಇದು ಯಾತಕ್ಕೋ?" ಅಂತ ಕೇಳಿದೆ. "ಸುಮ್ನೆ ಇರುತ್ತೆ ಮಾಮ" ಅಂದು ಇನ್ನೊಂದು ಟಾರ್ಚ್ ನೆಟ್ಟ.