ಫಾರಿನ್ ಸರ್ವಿಸ್ ಸೇರಬೇಕು, ಫ್ರೆಂಚ್ ಕಲಿಯಲೋ ಜರ್ಮನ್ ಕಲಿಯಲೋ?

ಪ್ರಶ್ನೆ: ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಐಎಫ್‌ಎಸ್ ಸೇರಿ ಮುಂದೆ ರಾಯಭಾರಿ ಆಗಬೇಕೆಂಬ ಆಸೆ. ಈಗಿನಿಂದಲೇ ಒಂದು ವಿದೇಶಿ ಭಾಷೆ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಫ್ರೆಂಚ್ ಒಳ್ಳೆಯದೋ ಜರ್ಮನ್ನೋ?

ಉತ್ತರ: ಎರಡೂ ಬೇಡ. ಹೈಸ್ಕೂಲಿನ ಕನ್ನಡ ವ್ಯಾಕರಣ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ಕಾರಣ ಕೆಳಗಿದೆ.

ಮೊದಲು ಬೇಗ ಮುಗಿಯುವ ವಿಷಯ. ಭಾರತೀಯ ವಿದೇಶಾಂಗ ಸೇವೆಗೆ ಬೇರೆ ಪರೀಕ್ಷೆ ಇಲ್ಲ. ಐಎಎಸ್, ಐಪಿಎಸ್‌ಗೆ ಬರೆಯುವ ಅದೇ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆ. ಯಾವುದೇ ಪದವಿ ಸಾಕು. ಸಾಮಾನ್ಯ ವರ್ಗಕ್ಕೆ 21ರಿಂದ 32 ವರ್ಷ, ಆರು ಅವಕಾಶ. ಹುದ್ದೆ ಕಡಿಮೆ: 2023ರ ಪರೀಕ್ಷೆಯಲ್ಲಿ ಐಎಎಸ್‌ಗೆ 180, ಐಎಫ್‌ಎಸ್‌ಗೆ 37. (ಐಎಫ್‌ಎಸ್ ಅಂತ ಹುಡುಕಿದಾಗ ಅರಣ್ಯ ಸೇವೆಯ ಪಠ್ಯಕ್ರಮ ಡೌನ್‌ಲೋಡ್ ಮಾಡಿಕೊಂಡು ಕೂರಬೇಡಿ. ಅದರ ಮೊದಲ ಹಂತವಾದ ಪ್ರಿಲಿಮ್ಸ್ ಇದೇ, ಎರಡನೇ ಹಂತವಾದ ಮೇನ್ಸ್ ಬೇರೆ.) ಸೇವೆಗಳ ಆದ್ಯತೆ ಪಟ್ಟಿ ತುಂಬುವಾಗ ಮನೆಯವರ ಸಮಾಧಾನಕ್ಕೆ ಐಎಎಸ್ ಮೊದಲು, ಐಎಫ್‌ಎಸ್ ಎರಡನೆಯದು ಎಂದು ಬರೆದು ಬರುವವರಿದ್ದಾರೆ. ರ‍್ಯಾಂಕ್ ಚೆನ್ನಾಗಿ ಬಂದರೆ ಐಎಎಸ್ಸೇ ಸಿಗುತ್ತದೆ, ಅಷ್ಟೇ. ಆ ಸೇವೆಯಲ್ಲಿದ್ದುಕೊಂಡು ಐಎಫ್‌ಎಸ್‌ಗಾಗಿ ಮತ್ತೆ ಪರೀಕ್ಷೆ ಬರೆಯಲು ನಿಯಮ ಬಿಡುವುದಿಲ್ಲ.

ಇನ್ನು ಭಾಷೆಯ ವಿಷಯ. ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ ಇದು, ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಮೇನ್ಸ್‌ನಲ್ಲಿ ಪ್ರಬಂಧಕ್ಕೆ 250, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳಿಗೆ 1000, ಐಚ್ಛಿಕ ವಿಷಯದ ಎರಡು ಪತ್ರಿಕೆಗಳಿಗೆ 500. ಒಟ್ಟು 1750. ಸಂದರ್ಶನದ 275 ಸೇರಿದರೆ 2025. ಇದರಲ್ಲಿ ಫ್ರೆಂಚ್‌ಗೆ ಎಷ್ಟು? ಸೊನ್ನೆ. ಜರ್ಮನ್‌ಗೆ? ಅದಕ್ಕೂ ಸೊನ್ನೆ. ಹಿಂದೆ ಫ್ರೆಂಚ್, ಜರ್ಮನ್, ರಷ್ಯನ್, ಚೀನಿ ಸಾಹಿತ್ಯಗಳು ಐಚ್ಛಿಕ ವಿಷಯಗಳ ಪಟ್ಟಿಯಲ್ಲಿದ್ದವು. ಈಗ ಒಂದೂ ಇಲ್ಲ. ಆ ಕಾಲದ ಸಲಹೆ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ಹಾಗಾದರೆ ರಾಜತಾಂತ್ರಿಕರಿಗೆ ಭಾಷೆ ಬೇಡವೇ? ಬೇಕು, ಆದರೆ ಅದನ್ನು ಕಲಿಸುವುದು ಸರ್ಕಾರ, ಅದೂ ಸಂಬಳ ಕೊಟ್ಟು. ಆಯ್ಕೆಯಾದವರಿಗೆ ಮಸೂರಿಯಲ್ಲಿ ಫೌಂಡೇಶನ್ ಕೋರ್ಸ್, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕಡ್ಡಾಯ ವಿದೇಶಿ ಭಾಷೆ ಹಂಚುತ್ತಾರೆ. ಆ ವರ್ಷ ಸಚಿವಾಲಯಕ್ಕೆ ಯಾವ ಭಾಷೆಗೆ ಎಷ್ಟು ಜನ ಬೇಕು, ಪಟ್ಟಿಯಲ್ಲಿ ನಿಮ್ಮ ಸ್ಥಾನ ಎಷ್ಟನೆಯದು, ನೀವು ಕೇಳಿದ್ದೇನು ಎಂಬುದನ್ನೆಲ್ಲ ನೋಡಿ ಹಂಚಿಕೆ. ಫ್ರೆಂಚ್ ಡಿಪ್ಲೊಮಾ ಮುಗಿಸಿ ಹೋದವರ ಕೈಗೆ ಅರಬಿಯೋ ಚೀನಿಯೋ ಬರಬಹುದು. ನಂತರ ಥರ್ಡ್ ಸೆಕ್ರೆಟರಿ ಎಂಬ ಹುದ್ದೆಯಲ್ಲಿ ಆ ಭಾಷೆಯ ನಾಡಿಗೇ ಕಳಿಸುತ್ತಾರೆ. ಅಕ್ಷರಮಾಲೆಯಿಂದಲೇ ಪಾಠ ಶುರು. ಭಾಷಾ ಪರೀಕ್ಷೆ ಪಾಸಾದ ಮೇಲೆಯೇ ಸೇವೆ ಖಾಯಂ.

‘ಫ್ರೆಂಚ್ ಬಂದರೆ ಪ್ಯಾರಿಸ್’ ಎಂಬ ಕನಸಿನ ಬಗ್ಗೆಯೂ ಒಂದು ಮಾತು. ಫ್ರೆಂಚ್ ನಡೆಯುವ ಊರುಗಳಲ್ಲಿ ಡಕಾರ್, ಅಬಿಜಾನ್, ಕಿನ್ಶಾಸಾ, ಅಂಟನನರಿವೊ ಕೂಡ ಇವೆ, ಅಲ್ಲೆಲ್ಲ ನಮ್ಮ ರಾಯಭಾರ ಕಚೇರಿಗಳಿವೆ. ಹಾಗೆಂದು ಕಲಿತ ಭಾಷೆ ನಿಮ್ಮನ್ನು ಒಂದೇ ಗೂಟಕ್ಕೆ ಕಟ್ಟಿಹಾಕುವುದೂ ಇಲ್ಲ. 1977ರ ತಂಡದ ಎಸ್. ಜೈಶಂಕರ್ ಮಾಸ್ಕೋದಲ್ಲಿ ರಷ್ಯನ್ ಕಲಿತವರು. ಮುಂದೆ ಅವರು ಬೀಜಿಂಗ್‌ನಲ್ಲಿ, ಆಮೇಲೆ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿದ್ದರು. ಭಾಷೆಯೇ ನಿಮ್ಮ ಮೊದಲ ಪ್ರೀತಿಯಾಗಿದ್ದರೆ ವಿದೇಶಾಂಗ ಸಚಿವಾಲಯದಲ್ಲಿ ದುಭಾಷಿಗಳದ್ದೇ ಪ್ರತ್ಯೇಕ ಕೇಡರ್ ಇದೆ. ಆ ದಾರಿ ಬೇರೆ.

ಈಗ ಅಟ್ಟದ ಮೇಲಿನ ಪುಸ್ತಕಕ್ಕೆ ಬರೋಣ. ಮೇನ್ಸ್‌ನಲ್ಲಿ ಅಂಕ ಲೆಕ್ಕಕ್ಕೆ ಬಾರದ, ಆದರೆ ಪಾಸಾಗಲೇಬೇಕಾದ ಎರಡು ಪತ್ರಿಕೆಗಳಿವೆ: ಇಂಗ್ಲಿಷ್ ಒಂದು, ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಯಾವುದಾದರೂ ಒಂದು ಭಾರತೀಯ ಭಾಷೆ ಇನ್ನೊಂದು. ತಲಾ 300 ಅಂಕ, ಶೇ 25 ಬೇಕು, ಅಂದರೆ 75. ಅದು ಬರದಿದ್ದರೆ ಉಳಿದ ಏಳು ಪತ್ರಿಕೆಗಳನ್ನು ನೀವು ಎಷ್ಟೇ ಚೆನ್ನಾಗಿ ಬರೆದಿರಿ, ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ಪಿಯುಸಿಗೆ ಅಂಕ ಸುಲಭ ಅಂತ ಕನ್ನಡ ಬಿಟ್ಟು ಫ್ರೆಂಚ್ ತೆಗೆದುಕೊಂಡವರು ಎಡವುವುದು ಇಲ್ಲೇ. ಬೇಡದ ಭಾಷೆ ಕೈಯಲ್ಲಿದೆ, ಬೇಕಾದ ಭಾಷೆ ಹತ್ತನೇ ಕ್ಲಾಸಿನಲ್ಲೇ ಉಳಿಯಿತು.

ಕನ್ನಡ ಪತ್ರಿಕೆಯಲ್ಲಿ ಪ್ರಬಂಧಕ್ಕೆ 100, ಗದ್ಯಭಾಗ ಓದಿ ಉತ್ತರಿಸಲು 60, ಸಂಕ್ಷೇಪ ಲೇಖನಕ್ಕೆ 60, ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದಕ್ಕೆ ತಲಾ 20, ವ್ಯಾಕರಣ ಮತ್ತು ಪದಬಳಕೆಗೆ 40. ಮೂರು ಗಂಟೆ ಸಮಯ. ಕಷ್ಟದ ಪತ್ರಿಕೆಯಲ್ಲ. ಕಷ್ಟ ಬೆರಳಿನದು. ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿ ರೂಢಿಯಾದ ಕೈಗೆ ಪೆನ್ನು ಹಿಡಿದ ಹತ್ತು ನಿಮಿಷಕ್ಕೆ ಒತ್ತಕ್ಷರಗಳು ಕೈಕೊಡುತ್ತವೆ, ಅಕಾರ ಹಕಾರ ಅದಲುಬದಲಾಗುತ್ತವೆ. ಸಂಕ್ಷೇಪವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಎಂದರೆ ಮೂಲದ ವಾಕ್ಯಗಳನ್ನೇ ಅಲ್ಲೊಂದು ಇಲ್ಲೊಂದು ಎತ್ತಿ ಬರೆದು ಬರುತ್ತಾರೆ. ವಾರಕ್ಕೆ ಒಂದು ಸಂಪಾದಕೀಯವನ್ನು ನಿಮ್ಮದೇ ಮಾತಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿ, ಕೈಯಲ್ಲಿ ಬರೆಯಿರಿ. ಆರು ತಿಂಗಳು ಸಾಕು.

ಕನ್ನಡ ಗಟ್ಟಿಯಿರುವವರಿಗೆ ಇನ್ನೂ ಒಂದು ವಿಷಯ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಆದರೆ ಮೇನ್ಸ್ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಕಡ್ಡಾಯ ಇಂಗ್ಲಿಷ್ ಪತ್ರಿಕೆ ಹತ್ತನೇ ತರಗತಿಯ ಮಟ್ಟದ್ದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ರಾಯಭಾರ ಕಚೇರಿಯಲ್ಲಿ ಕೂತವರೆಲ್ಲ ಯುಪಿಎಸ್‌ಸಿ ದಾಟಿ ಬಂದವರಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯಕ್ಕೆ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಆಗಿ ಸೇರಬಹುದು. ಆರಂಭದ ಮೂಲ ವೇತನ 44,900 ರೂಪಾಯಿ (ಐಎಫ್‌ಎಸ್ ಅಧಿಕಾರಿಗೆ 56,100). ಇವರಿಗೂ ಹೊರದೇಶದ ಪೋಸ್ಟಿಂಗ್ ಇದೆ, ಅಲ್ಲಿ ಇರುವಷ್ಟು ದಿನ ವಿದೇಶ ಭತ್ಯೆಯೂ ಇದೆ. ಪಾಸ್‌ಪೋರ್ಟ್, ವೀಸಾದಂಥ ಕಾನ್ಸುಲರ್ ಕೆಲಸ, ಲೆಕ್ಕಪತ್ರ, ಆಡಳಿತದ ಕಡತಗಳೆಲ್ಲ ಬಹುಪಾಲು ಇವರ ಮೇಜಿನ ಮೇಲೇ ಸಾಗುತ್ತವೆ. ಈ ದಾರಿಗೆ ಮಾತ್ರ ಇಂಗ್ಲಿಷ್ ಗಟ್ಟಿ ಇರಲೇಬೇಕು: ಎರಡನೇ ಹಂತದಲ್ಲಿ ಮೆರಿಟ್‌ಗೆ ಸೇರುವ 390 ಅಂಕಗಳಲ್ಲಿ 135 ಇಂಗ್ಲಿಷಿನವೇ. ರಾಯಭಾರಿಯಾಗಲು ಹೊರಟವರಿಗೆ ಇಂಗ್ಲಿಷ್ ಬರೀ ಪಾಸಾದರೆ ಸಾಕು, ಅವರ ಕಚೇರಿಯ ಕಡತ ನೋಡುವವರಿಗೆ ಅದರಲ್ಲೇ ರ‍್ಯಾಂಕ್ ತೀರ್ಮಾನ.