ಬೊಟೀಕ್ ಪಿಕಪ್: ಏನದು, ಕೊಳ್ಳುವ ಮುನ್ನ ಏನು ನೋಡಬೇಕು

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತಿರುವುದೇ ಪಿಕಪ್. ಒಳಗೆ ಆಯಸ್ಕಾಂತ, ಅದರ ಸುತ್ತ ತೀರಾ ಸಪೂರ ತಾಮ್ರದ ವೈರಿನ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣಗೆ ಕರೆಂಟ್ ಹುಟ್ಟುತ್ತದೆ. ಅದನ್ನು ಆಂಪ್ ದೊಡ್ಡದು ಮಾಡುತ್ತದೆ. ಗಿಟಾರಿನ ಜೊತೆ ಬಂದ ಪಿಕಪ್ ತೆಗೆದು ಬೇರೆ ಹಾಕಿಸಿಕೊಳ್ಳುವವರಿಗಾಗಿ ಸಣ್ಣ ವರ್ಕ್‌ಶಾಪುಗಳಲ್ಲಿ ಕೆಲವೇ ಜನ ಕೂತು ಸುತ್ತಿ ಮಾಡುವುದಕ್ಕೆ ಬೊಟೀಕ್ ಪಿಕಪ್ ಅನ್ನುತ್ತಾರೆ. ಆ ಹೆಸರಿಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಈ ಗೀಳಿಗೆ ಮೂಲ ಗಿಬ್ಸನ್ ಕಂಪನಿಯ ಹಳೆಯ ಪಿಕಪ್‌ಗಳು. ಅಲ್ಲಿನ ಸೆತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡು ಸುರುಳಿ ಜೋಡಿಸಿ ಗುಂಯ್‌ ಸದ್ದು ಅಳಿಸುವ ಉಪಾಯ ಅದು. ಪೇಟೆಂಟ್ ಸಿಗುವ ಮೊದಲೇ, ಅರ್ಜಿ ಹಾಕಿದ್ದೇವೆ ಎಂಬ ಸ್ಟಿಕರ್ ಅಂಟಿಸಿ ಮಾರಿದರು. ಪಿಎಎಫ್ (ಪೇಟೆಂಟ್ ಅಪ್ಲೈಡ್ ಫಾರ್) ಎಂಬ ಹೆಸರು ಬಂದದ್ದು ಹಾಗೆ. ಆಗ ವೈರಿನ ಸುತ್ತುಗಳ ಲೆಕ್ಕವಾಗಲಿ, ಆಯಸ್ಕಾಂತದ ದರ್ಜೆಯಾಗಲಿ ಎಲ್ಲದರಲ್ಲೂ ಒಂದೇ ಇರುತ್ತಿರಲಿಲ್ಲ. ಕೆಲವು ಅದ್ಭುತವಾಗಿ ನುಡಿಯುತ್ತಿದ್ದವು. ಆ ನಾದವೇ ಬೇಕು ಎಂದು ಹುಡುಕಿದವರಿಂದ ಈ ಕಸುಬು ಬೆಳೆಯಿತು. ಅಮೆರಿಕದ ಲೋಲರ್, ಲಿಂಡಿ ಫ್ರಾಲಿನ್, ಇಂಗ್ಲೆಂಡಿನ ಬೇರ್ ನಕಲ್ ಇವತ್ತು ಹೆಸರುವಾಸಿ.

ಸುತ್ತುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಫೆಂಡರ್ ಕಂಪನಿಯ ಸ್ಟ್ರಾಟ್ ಗಿಟಾರಿನ ತರದ ಒಂದೇ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್‌ಗೆ 0.06 ಮಿಲಿಮೀಟರ್ ಆಸುಪಾಸಿನ ವೈರನ್ನು ಸುಮಾರು 8,000 ಸುತ್ತು ಸುತ್ತಬೇಕು. ಮಷಿನ್ ಪದರ ಪದರವಾಗಿ ಒತ್ತಾಗಿ ಸುತ್ತುತ್ತದೆ. ಬೆರಳಲ್ಲಿ ಹಿಡಿದು ಅತ್ತಿತ್ತ ಓಡಿಸಿದರೆ ಸುತ್ತುಗಳು ಅಡ್ಡಾದಿಡ್ಡಿ ಬಿದ್ದು ನಡುವೆ ಸಂದು ಉಳಿಯುತ್ತದೆ. ಇದರಿಂದ ಕೆಪಾಸಿಟೆನ್ಸ್ (ಸುತ್ತುಗಳ ನಡುವೆ ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಕಡಿಮೆಯಾಗಿ ಮೇಲಿನ ಸ್ವರಗಳು ಕೊಂಚ ತಿಳಿಯಾಗುತ್ತವೆ. ನಾವು ಜಾಸ್ತಿ ದುಡ್ಡು ಕೊಡುವುದು ಈ ಕೈಕೆಲಸಕ್ಕೆ. ಆದರೂ ನನ್ನ ಪ್ರಕಾರ, ಆಯಸ್ಕಾಂತ ಬದಲಾದರೆ, ಸುತ್ತು ಹೆಚ್ಚಾದರೆ ಆಗುವ ವ್ಯತ್ಯಾಸದ ಮುಂದೆ ಇದು ಚಿಕ್ಕದು. ಆಯಸ್ಕಾಂತದ ಬಗೆಗಳಲ್ಲಿ ಆಲ್ನಿಕೊ 2ರ ನಾದ ಮೃದು, ಆಲ್ನಿಕೊ 5 ಬಿಗಿ, ಸೆರಾಮಿಕ್ ಇನ್ನೂ ಖಡಕ್. ಮೊದಲು ಇದನ್ನು ತೀರ್ಮಾನಿಸಿ, ಹೆಸರು ಆಮೇಲೆ.

"ಎಷ್ಟು ಕಿಲೋ ಓಮ್?" ಅಂತ ಸುರುಳಿಯ ರೆಸಿಸ್ಟೆನ್ಸ್ ಮಾತ್ರ ಕೇಳಿ ಕೊಳ್ಳಬೇಡಿ. ವೈರ್ ಸಪೂರವಾದರೂ ಆ ಅಂಕಿ ಏರುತ್ತದೆ, ಸದ್ದು ಏರಬೇಕೆಂದಿಲ್ಲ.

ಕೊಡಗಿನಲ್ಲಿ ನುಡಿಸುವವರು ಇನ್ನೊಂದು ವಿಷಯ ಯೋಚಿಸಲೇಬೇಕು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ಮಡಿಕೇರಿ ಕಡೆಯ ರೆಸಾರ್ಟ್ ಇರಲಿ, ವಿರಾಜಪೇಟೆಯ ಮದುವೆ ಮಂಟಪ ಇರಲಿ, ಅರ್ಧ ಕಾರ್ಯಕ್ರಮ ಜನರೇಟರಿನಲ್ಲೋ ಇನ್ವರ್ಟರಿನಲ್ಲೋ ನಡೆಯಬಹುದು. ಅಗ್ಗದ ಇನ್ವರ್ಟರಿನ ಒರಟು ಕರೆಂಟಿನ ಕಿರಿಕಿರಿಯನ್ನೆಲ್ಲ ಸಿಂಗಲ್ ಕಾಯಿಲ್ ಎಳೆದುಕೊಳ್ಳುತ್ತದೆ. ಅಂಥಲ್ಲಿ ನುಡಿಸುವವರಿಗೆ ನಾನು ಹಂಬಕರ್ ಅಥವಾ ಸದ್ದು ಅಳಿಸುವ ಜೋಡಿ ಸುರುಳಿಯ ಪಿಕಪ್‌ ಅನ್ನೇ ಹೇಳುತ್ತೇನೆ. ಮೇಣದಲ್ಲಿ ಅದ್ದಿದ್ದಾರಾ ಅಂತಲೂ ಕೇಳಿ. ಹಳೆಯ ಪಿಎಎಫ್‌ಗೆ ಮೇಣ ಇರಲಿಲ್ಲ. ಅದನ್ನೇ ಅನುಸರಿಸಿ ಮೇಣ ಬಿಟ್ಟವು ಆಂಪಿನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದರೆ ಕಿರುಚುತ್ತವೆ.

ನಮ್ಮ ತೇವಕ್ಕೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ವಾಲ್ಯೂಮ್ ಪಾಟ್ (ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗುಂಡಿಯ ಭಾಗ) ಕರಕರ ಅನ್ನುತ್ತದೆ. ಅದಕ್ಕೆ ಪಿಕಪ್ ಬದಲಿಸಿದರೆ ಸುಮ್ನೆ ದುಡ್ಡು ದಂಡ, ಅಲ್ವಾ? ಮೊದಲು ಪಾಟ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ, ಹೊಸ ತಂತಿ ಹಾಕಿ. ಆಮೇಲೆ ಪಿಕಪ್ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್‌ಗೂ ಸುಮಾರು 2 ಮಿಲಿಮೀಟರ್ ಅಂತರ ಬಿಟ್ಟು ಶುರು ಮಾಡಿ. ಎರಡು ಬದಿಯ ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸುತ್ತಾ ಕೇಳಿ. ತೀರಾ ಹತ್ತಿರ ಬಂದರೆ ಆಯಸ್ಕಾಂತ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ, ಸ್ಟ್ರಾಟ್‌ನಲ್ಲಂತೂ ಜಾಸ್ತಿ.

ಇಷ್ಟಾದ ಮೇಲೂ ಬೇಕೆನಿಸಿದರೆ ತರಿಸಿ. ತಂತಿಗಳ ನಡುವಿನ ಅಂತರ ಅಳೆದು ಮಾಡುವವರಿಗೆ ಹೇಳಿ. ಪಾಟ್ ಹಂಬಕರ್‌ಗೆ ಸಾಮಾನ್ಯವಾಗಿ 500 ಕೆ (ಕಿಲೋ ಓಮ್), ಸಿಂಗಲ್ ಕಾಯಿಲ್‌ಗೆ 250 ಕೆ. ಹೊರದೇಶದಿಂದ ಬಂದರೆ ಕಸ್ಟಮ್ಸ್ ಸುಂಕವೂ ಸೇರುತ್ತದೆ. ವಾಪಸ್ ಕೊಡಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಸೋಲ್ಡರಿಂಗ್ ಅನ್ನು ಊರಿನ ಟಿವಿ ರಿಪೇರಿಯವರೂ ಮಾಡಬಲ್ಲರು. ಆದರೆ ವೈರಿನ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಆ ಕಂಪನಿಯದೇ ವೈರಿಂಗ್ ಚಿತ್ರ ಅವರ ಕೈಗೆ ಕೊಡಿ, ಹಳೆಯದನ್ನು ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.