ಗುಂಪು ಗೆದ್ದರೂ ಬಡ್ತಿ ಇಲ್ಲ: ನಾರ್ವೆ ಫುಟ್‌ಬಾಲ್‌ನ ಪಂಕ್ತಿಭೇದ

1975ರಲ್ಲಿ ನಾರ್ವೆಯ ಫುಟ್‌ಬಾಲ್ ಕಪ್ ಗೆದ್ದ ಬೋಡೋ/ಗ್ಲಿಮ್ಟ್ ಆಗ ಎರಡನೇ ಡಿವಿಷನ್‌ನ, ಅಂದರೆ ಆ ಕಾಲಕ್ಕೆ ದೇಶದ ಎರಡನೇ ಹಂತದ ತಂಡ. ಫೈನಲ್‌ನಲ್ಲಿ ವಾರ್ಡ್ ತಂಡವನ್ನು 2-0 ಅಂತರದಲ್ಲಿ ಸೋಲಿಸಿತು. ಆ ವರ್ಷ ಲೀಗ್‌ನಲ್ಲೂ ತನ್ನ ಗುಂಪಿನಲ್ಲಿ ಅದೇ ಮೊದಲು. ಹಾಗಿದ್ದರೂ 1976ರಲ್ಲಿ ಮತ್ತೆ ಎರಡನೇ ಡಿವಿಷನ್‌ನಲ್ಲೇ ಆಡಬೇಕಾಯಿತು. ದೇಶದ ಕಪ್ ಕೈಯಲ್ಲಿದ್ದರೂ ಮೇಲಿನ ಡಿವಿಷನ್ ಯಾಕೆ ಸಿಗಲಿಲ್ಲ?

ಉತ್ತರ ತಿಳಿಯಲು ನಾರ್ವೆಯ ನಕ್ಷೆ ನೋಡಬೇಕು. ದೇಶ ಉದ್ದಕ್ಕೆ, ಸಪೂರವಾಗಿದೆ. ಜಾಸ್ತಿ ಜನ ಇರುವುದು ದಕ್ಷಿಣದಲ್ಲಿ. ಬೋಡೋ ಊರು ಆರ್ಕ್ಟಿಕ್ ವೃತ್ತಕ್ಕಿಂತಲೂ ಮೇಲಿದೆ. ರಾಜಧಾನಿ ಓಸ್ಲೋಗೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 1,200 ಕಿಲೋಮೀಟರ್. ಟ್ರೋಮ್ಸೋ ಊರು ಇನ್ನೂ ಉತ್ತರಕ್ಕೆ. ಅಲ್ಲಿಗೆ ಇವತ್ತಿಗೂ ರೈಲಿಲ್ಲ.

ಈ ದೂರದ ಜೊತೆಗೆ ಇನ್ನೊಂದು ನಂಬಿಕೆಯೂ ಸೇರಿಕೊಂಡಿತ್ತು. ಉತ್ತರದವರು ದಕ್ಷಿಣದವರ ಮಟ್ಟಕ್ಕೆ ಆಡಲಾರರು ಅನ್ನುವುದು ಆ ನಂಬಿಕೆ. ಹಾಗಾಗಿ ಉತ್ತರದ ತಂಡಗಳಿಗೆ ದಶಕಗಳ ಕಾಲ ರಾಷ್ಟ್ರೀಯ ಕಪ್‌ನಲ್ಲಿ ಜಾಗವೇ ಇರಲಿಲ್ಲ. 1929ರಿಂದ ಅವರು ತಮ್ಮದೇ ಉತ್ತರ ನಾರ್ವೆ ಚಾಂಪಿಯನ್‌ಶಿಪ್ ನಡೆಸಿಕೊಂಡು ಬಂದರು. ಊಟಕ್ಕೆ ಕರೆದು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರಲ್ಲ, ಇಲ್ಲಿ ಕರೆಯೇ ಇರಲಿಲ್ಲ. 1962ರಲ್ಲಿ ರೈಲು ಬೋಡೋ ಮುಟ್ಟಿತು. ಮರುವರ್ಷ, 1963ರಲ್ಲಿ, ಕಪ್‌ನ ಬಾಗಿಲು ತೆರೆಯಿತು.

ಲೀಗ್‌ನ ಬಾಗಿಲು ತೆರೆಯಲು ಇನ್ನೂ ಸುಮಾರು ಹತ್ತು ವರ್ಷ ಬೇಕಾಯಿತು. ನಾರ್ವಿಕ್ ಊರಿನ ಮ್ಯೋಲ್ನರ್ 1972ರಲ್ಲಿ ಮೇಲಿನ ಡಿವಿಷನ್‌ನಲ್ಲಿ ಆಡಿತು. ಅಲ್ಲಿಗೆ ತಲುಪಿದ ಉತ್ತರದ ಮೊದಲ ತಂಡ ಅದು. ಬಾಗಿಲು ತೆರೆಯಿತು ನಿಜ, ಆದರೆ ಹೊಸ್ತಿಲು ಎತ್ತರವಾಗಿತ್ತು.

ಆಗ ಎರಡನೇ ಡಿವಿಷನ್‌ನಲ್ಲಿ ಮೂರು ಗುಂಪು. ಎರಡು ದಕ್ಷಿಣದವರಿಗೆ, ಒಂದು ಉತ್ತರದವರಿಗೆ. ದಕ್ಷಿಣದ ಎರಡೂ ಗುಂಪಿನ ವಿಜೇತರಿಗೆ ನೇರ ಬಡ್ತಿ. ಉತ್ತರದ ವಿಜೇತರು ಮಾತ್ರ ದಕ್ಷಿಣದಲ್ಲಿ ಎರಡನೇ ಸ್ಥಾನ ಪಡೆದ ಇಬ್ಬರ ಜೊತೆ ಮತ್ತೆ ಅರ್ಹತಾ ಪಂದ್ಯ ಆಡಬೇಕು. ಅಂದರೆ ಇಲ್ಲಿ ಮೊದಲು ಬಂದವನೂ ಅಲ್ಲಿ ಎರಡನೇ ಬಂದವನೂ ಒಂದೇ ತೂಕ! ಪಂಕ್ತಿಭೇದ ಅನ್ನದೆ ಇದಕ್ಕೆ ಇನ್ನೇನು ಹೇಳುವುದು?

1974ರಲ್ಲಿ ಗ್ಲಿಮ್ಟ್ ತನ್ನ ಗುಂಪಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಅರ್ಹತಾ ಪಂದ್ಯಗಳಲ್ಲಿ ಎಡವಿತು. 1975ರಲ್ಲೂ ಅದೇ ಕಥೆ. ಸೀಸನ್ ಪೂರ್ತಿ ಸೋಲಿಲ್ಲ, ಕೊನೆಯಲ್ಲಿ ಬಡ್ತಿಯೂ ಇಲ್ಲ. ಕೈಗೆ ಬಂದ ತುತ್ತು ಎರಡು ಸಲ ಬಾಯಿಗೆ ಬರಲಿಲ್ಲ. ನಾರ್ವೆ ಫುಟ್‌ಬಾಲ್ ಸಂಸ್ಥೆಯ ಮೇಲೆ ಉತ್ತರದ ಜನರಿಗೆ ಬಂದ ಸಿಟ್ಟು ಸುಮ್ನೆ ಬಂದದ್ದಲ್ಲ. ಪಂದ್ಯ ಸೋತರೆ ಆಟಗಾರ ಮರೆಯುತ್ತಾನೆ. ನಿಯಮದಿಂದಲೇ ಸೋತರೆ ಅಷ್ಟು ಬೇಗ ಮರೆಯುವುದಿಲ್ಲ.

ಆ ವರ್ಷಗಳ ಒಂದು ನೆನಪು ಇನ್ನೂ ಸ್ಟೇಡಿಯಂನಲ್ಲಿ ಕಾಣುತ್ತದೆ. 1970ರ ದಶಕದಲ್ಲಿ ಗ್ಲಿಮ್ಟ್ ಅಭಿಮಾನಿಗಳು ಹಾಡುವಾಗ ತಾಳ ಹಿಡಿಯುತ್ತಿದ್ದವರ ಕೈಗೆ ಒಂದು ಹಲ್ಲುಜ್ಜುವ ಬ್ರಷ್ ಬಂತು. ಅದೇ ಅವರ ಕೋಲಾಯಿತು. ನಂತರ ಅದು ಆಳೆತ್ತರಕ್ಕೆ ಬೆಳೆಯಿತು. ಈಗಲೂ ಗ್ಯಾಲರಿಯಲ್ಲಿ ದೊಡ್ಡ ಹಳದಿ ಬ್ರಷ್‌ಗಳು ಎದ್ದು ನಿಲ್ಲುತ್ತವೆ.

1976ರಲ್ಲಿ, ಮೂರನೇ ಪ್ರಯತ್ನದಲ್ಲಿ, ಗ್ಲಿಮ್ಟ್ ಮೇಲೇರಿತು. 1977ರಲ್ಲಿ, ಅಲ್ಲಿ ಆಡಿದ ಮೊದಲ ವರ್ಷವೇ, ಲಿಲ್ಲೆಸ್ಟ್ರೋಮ್ ತಂಡದ ನಂತರ ಎರಡನೇ ಸ್ಥಾನ. ಕಪ್ ಫೈನಲ್‌ನಲ್ಲೂ ಅದೇ ಲಿಲ್ಲೆಸ್ಟ್ರೋಮ್ ಎದುರು 1-0 ಸೋಲು. ಉತ್ತರದವರು ಮಟ್ಟಕ್ಕೆ ಬರಲಾರರು ಅನ್ನುವ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ? ಆ ದಶಕ ಮುಗಿಯುವ ಹೊತ್ತಿಗೆ ಬಡ್ತಿಯ ನಿಯಮ ಬದಲಾಯಿತು.

ಆಮೇಲಿನ ದಾರಿಯಲ್ಲಿ ಏರಿಳಿತ ಜಾಸ್ತಿ. 1980ರಲ್ಲಿ ಗ್ಲಿಮ್ಟ್ ಕೆಳಗಿಳಿದು, ಆ ದಶಕದಲ್ಲಿ ಮೂರನೇ ಹಂತದವರೆಗೂ ಜಾರಿತು. 1986ರಲ್ಲಿ ಉತ್ತರದ ಟ್ರೋಮ್ಸೋ ತಂಡ ನಾರ್ವೆಯ ಕಪ್ ಗೆದ್ದಿತು. 1993ರಲ್ಲಿ ಗ್ಲಿಮ್ಟ್ ಮೇಲಿನ ಡಿವಿಷನ್‌ಗೆ ಮರಳಿ, ಅದೇ ವರ್ಷ ಕಪ್ ಎತ್ತಿತು.

ಕೆಳಗಿನ ಡಿವಿಷನ್‌ಗಳ ಪಾಲಿಗೆ ಇನ್ನೊಂದು ದೊಡ್ಡ ತಿರುವು 2016. ಅಷ್ಟು ಹೊತ್ತಿಗೆ ಎರಡನೇ ಡಿವಿಷನ್ ಅಂದರೆ ದೇಶದ ಮೂರನೇ ಹಂತ. ಅಲ್ಲಿ 14 ತಂಡಗಳ ನಾಲ್ಕು ಗುಂಪು ಇದ್ದವು. 2017ಕ್ಕೆ ಅವನ್ನು ಎರಡಕ್ಕೆ ಇಳಿಸಿದರು. 56 ತಂಡ ಇದ್ದ ಕಡೆ 28ಕ್ಕೆ ಮಾತ್ರ ಜಾಗ. ಅದರ ಕೆಳಗಿನ ಮೂರನೇ ಡಿವಿಷನ್ 12 ಗುಂಪಿನಿಂದ ಆರಕ್ಕೆ ಇಳಿಯಿತು. 2016ರ ಸೀಸನ್‌ನಲ್ಲಿ ಟೇಬಲ್‌ನ ಮಧ್ಯದಲ್ಲಿದ್ದ ತಂಡಕ್ಕೂ ನೆಮ್ಮದಿ ಇರಲಿಲ್ಲ. ಆ ವರ್ಷ ಉತ್ತರದ ಟ್ರೋಮ್ಸ್‌ಡಾಲೆನ್ ತಂಡ ತನ್ನ ಗುಂಪು ಗೆದ್ದು ದೇಶದ ಎರಡನೇ ಹಂತಕ್ಕೆ ಹೋಯಿತು. ಮೇಲಿನಿಂದ ಗ್ಲಿಮ್ಟ್ ಕೆಳಗೆ ಬಂತು. 2017ರಲ್ಲಿ ಉತ್ತರದ ಈ ಎರಡೂ ತಂಡ ಒಂದೇ ಡಿವಿಷನ್‌ನಲ್ಲಿ ಆಡಿದವು.

ಗ್ಲಿಮ್ಟ್ ಆ ಲೀಗ್ ಗೆದ್ದು ಮರಳಿತು. 2020ರಲ್ಲಿ ಮೊದಲ ಸಲ ದೇಶದ ಚಾಂಪಿಯನ್ ಆಯಿತು. 2021ರ ಅಕ್ಟೋಬರ್‌ನಲ್ಲಿ ಇಟಲಿಯ ರೋಮಾ ತಂಡವನ್ನು 6-1 ಅಂತರದಲ್ಲಿ ಸೋಲಿಸಿತು. 2025ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಸೆಮಿಫೈನಲ್ ಆಡಿತು.

ಈಗ ಉತ್ತರದವರಿಗೆ ಬೇರೆ ಪಂಕ್ತಿ ಇಲ್ಲ. ಆದರೆ ದೂರ ಹಾಗೇ ಇದೆ. ಗುಂಪು ಕಡಿಮೆಯಾದಷ್ಟೂ ಪ್ರಯಾಣ ಉದ್ದವಾಗುತ್ತದೆ, ಅಲ್ವಾ? ಮೂರನೇ ಡಿವಿಷನ್‌ನಲ್ಲಿ ಉತ್ತರದ ತಂಡಗಳು ಓಸ್ಲೋ ಸುತ್ತಮುತ್ತಲಿನ ತಂಡಗಳ ಜೊತೆ ಒಂದೇ ಗುಂಪಿನಲ್ಲಿ ಆಡಿವೆ. ಇದು ದೇಶದ ನಾಲ್ಕನೇ ಹಂತ. ಇಲ್ಲಿನ ಹುಡುಗರಿಗೆ ವಾರವಿಡೀ ಕೆಲಸ ಇಲ್ಲವೇ ಓದು ಇರುತ್ತದೆ. ವಾರಾಂತ್ಯಕ್ಕೆ ವಿಮಾನ ಹತ್ತಿ ಓಸ್ಲೋಗೆ ಬರಬೇಕು. ಅಲ್ಲಿಂದ ಬಸ್ಸು, ಆಮೇಲೆ 90 ನಿಮಿಷದ ಆಟ. ಮುಗಿದ ಮೇಲೆ ಮತ್ತೆ ಅಷ್ಟೇ ದೂರ ವಾಪಸ್ ಹೋಗಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು.